ಎರಡು ಹೋಳಾದ ಪುಸ್ತಕ

ಸೆಪ್ಟೆಂಬರ್ ೧೭, ಸೋಮವಾರ

ಶಾಲೆಯ ಬಾಗಿಲು ತೆರೆದು ವಾರವಾಗಿಲ್ಲ, ಆಗಲೇ ಪಿತ್ತ ನೆತ್ತಿಗೇರಿದೆ.

ನಮ್ಮ ಹೊಸ ಮುಖ್ಯೋಪಾಧ್ಯಾಯಿನಿ ಮರಿಯಾಂಥಿ ಬೇಸಿಗೆಯಲ್ಲಿ ಅಥೆನ್ಸಿಗೆ ಯಾವುದೋ ತರಬೇತಿಗೆ ಹೋಗಿದ್ದಳಂತೆ. ಊರಿಗೆ ಹೋದವರು ತಿಂಡಿ ತರುತ್ತಾರೆ, ಈಕೆ ಕಾನೂನು ತಂದಿದ್ದಾಳೆ. ಬೆಳಗಿನ ಪ್ರಾರ್ಥನೆ ಮುಗಿದು ತರಗತಿಗೆ ಹೋದ ಕೂಡಲೇ ಪಾಠ ಇಲ್ಲ. ಮೊದಲ ಇಪ್ಪತ್ತು ನಿಮಿಷ ಮೌನ ಓದು. ಮಕ್ಕಳು ತಮಗೆ ಬೇಕಾದ ಪುಸ್ತಕವನ್ನು ತಾವೇ ಓದಿಕೊಳ್ಳುತ್ತಾರೆ. ನಾವು ಪ್ರಶ್ನೆ ಕೇಳುವಂತಿಲ್ಲ, ಅಂಕ ಹಾಕುವಂತಿಲ್ಲ, ಸಾರಾಂಶ ಬರೆಸುವಂತಿಲ್ಲ. ಮಂಗಳ ಹಾಡುವಷ್ಟರಲ್ಲಿ ಇನ್ನೊಂದು ಮಾತು ಸೇರಿಸಿದಳು: ಮೇಷ್ಟರುಗಳೂ ಮಕ್ಕಳ ಎದುರು ಕೂತು ಓದಬೇಕು.

"ನಾವೂನಾ?" ಎಂದೆ.

"ನೀವೂನೂ, ಉರಾನಿಯಾ ಮೇಡಂ. ದೊಡ್ಡೋರು ಓದೋದನ್ನ ಮಕ್ಕಳು ಕಣ್ಣಾರೆ ನೋಡ್ಬೇಕು."

ನಾನು ಈ ವೋಲೋಸ್ ಊರಿನ ಮಕ್ಕಳಿಗೆ ಪ್ರಾಚೀನ ಗ್ರೀಕ್ ಕಲಿಸಲು ಶುರುಮಾಡಿದಾಗ ಈ ಹುಡುಗಿ ಲಂಗ ಹಾಕಿಕೊಂಡು ಶಿಶುವಿಹಾರಕ್ಕೆ ಹೋಗುತ್ತಿದ್ದಳು. ನನ್ನನ್ನು ಓದಲು ಕೂರಿಸುತ್ತಾಳಂತೆ!

ಯಾರಿಗೆ ಓದಿಸುವುದು? ಅಂಗಳದ ಹಿಪ್ಪುನೇರಳೆ ಮರದ ಬುಡದಲ್ಲಿ, ಚರಂಡಿಯಲ್ಲಿ, ಜೂನಿನ ಕಾಗದದ ಚೂರುಗಳು ಇನ್ನೂ ಕೊಳೆಯುತ್ತಾ ಬಿದ್ದಿವೆ. ಪ್ರತಿ ವರ್ಷ ಕೊನೆಯ ಪರೀಕ್ಷೆ ಮುಗಿದ ದಿನ ಸರ್ಕಾರ ಕೊಟ್ಟ ಪಠ್ಯಪುಸ್ತಕಗಳನ್ನು ಹರಿದು ಹಾರಿಸುವ ಜಾತಿ ಇದು. ಪ್ರತಿ ವರ್ಷ ನಾನೊಬ್ಬಳೇ ಅಂಗಳದ ನಡುವೆ ನಿಂತು ಕೂಗಾಡುತ್ತೇನೆ, ಉಳಿದ ಮೇಷ್ಟರುಗಳು ಕಿಟಕಿಯಿಂದ ನೋಡಿ ನಗುತ್ತಾರೆ. ಪುಸ್ತಕ ಹರಿಯುವವನಿಗೂ ರೊಟ್ಟಿ ತುಳಿಯುವವನಿಗೂ ನನ್ನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಮನೆಗೆ ಬಂದು ಎಲ್ಲವನ್ನೂ ತೋಲಿಸ್‌ಗೆ ಹೇಳಿದೆ. ನನ್ನ ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಯಾವುದಕ್ಕೂ ಬಿಸಿಯಾಗುವುದಿಲ್ಲ. "ಇಪ್ಪತ್ತು ನಿಮಿಷ ಬಾಯಿ ಮುಚ್ಕೊಂಡು ಕೂತ್ರೆ ನಿಂಗೂ ಒಳ್ಳೇದು, ನಂಗೂ ಒಳ್ಳೇದು," ಎಂದ. ಅವನ ಜೊತೆ ಊಟದವರೆಗೂ ಮಾತಾಡಲಿಲ್ಲ.


ಸೆಪ್ಟೆಂಬರ್ ೨೫, ಮಂಗಳವಾರ

ನನ್ನದು ಮಾಧ್ಯಮಿಕ ಶಾಲೆಯ ಮೂರನೇ ವರ್ಷದ ತರಗತಿ, ಹದಿನಾಲ್ಕು ಹದಿನೈದರ ಪುಂಡರು. ಮರಿಯಾಂಥಿ ಪ್ರತಿ ತರಗತಿಗೂ ಟೊಮೆಟೊ ತುಂಬುವ ಮರದ ಪೆಟ್ಟಿಗೆಯೊಂದರಲ್ಲಿ ಪುಸ್ತಕ ತುಂಬಿಸಿ ಇಟ್ಟಿದ್ದಾಳೆ. ಅರ್ಧಕ್ಕರ್ಧ ಯಾರದೋ ಅಟ್ಟದಿಂದ ಬಂದವು, ಮುಗ್ಗಲು ವಾಸನೆ.

ಇಂದಿನ ಮೌನ ಓದು ಹೀಗಿತ್ತು. ಕಿಟಕಿ ಪಕ್ಕದ ಜಿಸಿಸ್ ಪುಸ್ತಕದೊಳಗೆ ಫೋನು ಇಟ್ಟುಕೊಂಡು ಫುಟ್‌ಬಾಲ್ ನೋಡುತ್ತಿದ್ದ. ಇಬ್ಬರು ನಿದ್ದೆ ಹೊಡೆದರು. ಒಬ್ಬಳು ಉಗುರಿಗೆ ಬಣ್ಣ ಹಚ್ಚಿಕೊಂಡಳು. ಕೊನೆಯ ಬೆಂಚಿನ ವಾಯಾ ಮಾತ್ರ ದಪ್ಪ ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಬಿಗಿಯಾಗಿ ಕೂತಿದ್ದಳು. ಆಶ್ಚರ್ಯವೇ. ಶನಿವಾರದ ಸಂತೆಯಲ್ಲಿ ಇವಳ ತಾಯಿ ಕಾಲುಚೀಲ ಬನಿಯನ್ನು ಮಾರುತ್ತಾಳೆ, ಇವಳು ಪಕ್ಕದಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗುತ್ತಾಳೆ. ತರಗತಿಯಲ್ಲೂ ಬಾಯಿ ಜೋರು. ಬಾಯಿಪಾಠ ಒಪ್ಪಿಸಲು ಹೇಳಿದರೆ ಎಲ್ಲರಿಗಿಂತ ಮುಂದೆ, ಬರೆಯಲು ಹೇಳಿದರೆ ಕೈನೋವು.

ನಾನು ದೊಡ್ಡ ನಿಘಂಟನ್ನು ಎದುರಿಗೆ ನಿಲ್ಲಿಸಿಕೊಂಡು ಅದರ ಮರೆಯಲ್ಲಿ ವ್ಯಾಕರಣದ ಉತ್ತರಗಳನ್ನು ತಿದ್ದಿದೆ. ಸಮಯ ಹಾಳುಮಾಡಲು ನನಗೇನು ಹುಚ್ಚೇ?


ಅಕ್ಟೋಬರ್ ೩, ಬುಧವಾರ

ಇವತ್ತು ಕೆಲಸಕ್ಕೆ ಕೈ ಹಾಕಿದೆ. ಮೌನ ಓದನ್ನು ನಿಲ್ಲಿಸಬೇಕು ಎಂದು ಮನವಿ ಬರೆದೆ. ಮೇಷ್ಟರುಗಳ ಸಭೆಯಲ್ಲಿ ಮತಕ್ಕೆ ಹಾಕಿ ಗೆದ್ದರೆ ಮರಿಯಾಂಥಿ ತೆಪ್ಪಗೆ ಒಪ್ಪಲೇಬೇಕು, ನಿಯಮ ಹಾಗಿದೆ. ಗಣಿತದ ರಿಜೋಸ್ ಕೂಡಲೇ ಸಹಿ ಹಾಕಿದ. ಅವನಿಗೆ ಆ ಇಪ್ಪತ್ತು ನಿಮಿಷ ಸಮೀಕರಣಕ್ಕೆ ಬೇಕು.

"ಭೇಷ್ ಉರಾನಿಯಾ," ಎಂದ. "ನಿಮ್ಮ ಬರವಣಿಗೆ ಅಂದ್ರೆ ಚಾಟಿ ಕಣ್ರೀ! 'ಶಿಕ್ಷಕರ ಕಣ್ಣೆದುರೇ ನಡೆಯುವ ಸಾಮೂಹಿಕ ನಿದ್ದೆ.' ಹಹ್ಹ!"

ಆ ವಾಕ್ಯ ನನಗೂ ಹಿಡಿಸಿದೆ. ಸಭೆ ಫೆಬ್ರವರಿಯಲ್ಲಂತೆ. ಅಲ್ಲಿಯವರೆಗೆ ಈ ನಾಟಕ ಸಹಿಸಬೇಕು.


ಅಕ್ಟೋಬರ್ ೧೦, ಬುಧವಾರ

ಸಿಟ್ಟಿಗೆ ಪೆನ್ನಿನ ಮೊನೆ ಕಾಗದಕ್ಕೆ ಊರುತ್ತಿದೆ.

ಮೌನ ಓದಿನ ನಡುವೆ ತಲೆಯೆತ್ತಿ ನೋಡಿದರೆ ವಾಯಾ ಪುಸ್ತಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಾಳೆ.

"ಏನೇ? ಪುಸ್ತಕ ನೋಡು."

"ನೋಡ್ತಾ ಇದೀನಿ ಮೇಡಂ. ನೀವೇ ನೋಡ್ತಿಲ್ಲ. ಆವಾಗ್ಲಿಂದ ಒಂದು ಹಾಳೆನೂ ತಿರುವಿಲ್ಲ ನೀವು."

ಇಡೀ ತರಗತಿ ಹೋ ಎಂದಿತು. ಜಿಸಿಸ್ ಫುಟ್‌ಬಾಲ್ ಬಿಟ್ಟು ಎದ್ದು ನಿಂತು ನನ್ನ ನಿಘಂಟಿನ ಹಿಂದೆ ಇಣುಕಿದ. "ಅಯ್ಯೋ, ಮೇಡಂ ಉತ್ತರ ತಿದ್ತಾವ್ರೆ! ನಮಗೊಂದು ನ್ಯಾಯ, ಇವ್ರಿಗೊಂದು ನ್ಯಾಯ!"

"ನೀನು ಎಷ್ಟು ಹಾಳೆ ತಿರುವಿದೆ, ಅದನ್ನ ಹೇಳು ಮೊದ್ಲು," ಎಂದು ವಾಯಾಳನ್ನು ಕೇಳಿದೆ. ಅವಳ ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಹಲ್ಲು ಕಿರಿದಳು. "ಪ್ರಶ್ನೆ ಕೇಳೋ ಹಾಗಿಲ್ಲ ಮೇಡಂ, ರೂಲ್ಸು."

ನಾಳೆ ಇವರ ಕಣ್ಣಿಗೆ ರಾಚುವಂತೆ ಓದುತ್ತೇನೆ. ಹಾಳೆಯ ಸದ್ದು ಕೊನೆಯ ಬೆಂಚಿಗೆ ಕೇಳಬೇಕು, ಹಾಗೆ ತಿರುವುತ್ತೇನೆ.


ಅಕ್ಟೋಬರ್ ೧೧, ಗುರುವಾರ

ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ತೋಲಿಸ್‌ನ ಪತ್ತೇದಾರಿ. ಬಸ್ ನಿಲ್ದಾಣದಲ್ಲಿ ಟ್ರಿಪ್ಪಿಗೆ ಕಾಯುವಾಗ ಓದಲೆಂದು ಗೂಡಂಗಡಿಯಿಂದ ಕೊಂಡು ತಂದ ಅಗ್ಗದ ಪುಸ್ತಕಗಳು, ಬಾಲ್ಕನಿಯ ಕಪಾಟಿನ ತುಂಬ ಇವೆ. ಮುಖಪುಟದಲ್ಲಿ ಪಿಸ್ತೂಲು, ಅರೆಬತ್ತಲೆ ಹೆಂಗಸು. ನಾನು ಅವನ್ನು ಇಷ್ಟು ವರ್ಷ ಧೂಳು ಹೊಡೆಯಲೂ ಮುಟ್ಟಿದವಳಲ್ಲ. ಪ್ರಾಚೀನ ವ್ಯಾಕರಣದ ಹೊದಿಕೆಯೊಳಗೆ ತುರುಕಿ ಓದಿದೆ. ಕೀಳು ಸರಕು. ಬ್ಯಾಂಕಿನ ಮ್ಯಾನೇಜರನನ್ನು ಯಾರೋ ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಅವನ ಹೆಂಡತಿ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತಿದೆ.

ಗಂಟೆ ಹೊಡೆದದ್ದು ಕೇಳಲಿಲ್ಲ. ಶಾಲೆಯ ಗಂಟೆಯೂ ಕೆಟ್ಟಿದೆ, ಯಾರೂ ರಿಪೇರಿ ಮಾಡಿಸುವುದಿಲ್ಲ.


ಅಕ್ಟೋಬರ್ ೧೯, ಶುಕ್ರವಾರ

ಬೀನ್ಸ್ ಕಾಳಿನ ಸಾರು ತಳ ಹಿಡಿಯಿತು. ಒಲೆಯದೇ ತಪ್ಪು. ಕೊಂದದ್ದು ಹೆಂಡತಿಯಲ್ಲ, ತಮ್ಮ.


ನವೆಂಬರ್ ೭, ಬುಧವಾರ

ಸೋಮವಾರದಿಂದ ಶಾಲೆ ಮಕ್ಕಳ ವಶದಲ್ಲಿದೆ. ಪ್ರತಿ ವರ್ಷ ಚಳಿ ಶುರುವಾದ ಕೂಡಲೇ ಇದೊಂದು ಹಬ್ಬ. ಮತ ಹಾಕುತ್ತಾರೆ, ಗೇಟಿಗೆ ಸರಪಳಿ ಬಿಗಿಯುತ್ತಾರೆ, ಹಿಂದೆ ಬೆಂಚು ಒಟ್ಟುತ್ತಾರೆ, ಒಳಗೆ ಸಂಗೀತ ಹಾಕಿಕೊಂಡು ಕುಣಿಯುತ್ತಾರೆ. ಈ ಸಲದ ಕಾರಣ ಸರಿಯಾಗಿಯೇ ಇದೆ: ಕೊಠಡಿ ಬೆಚ್ಚಗಿಡಲು ಎಣ್ಣೆ ಇಲ್ಲ, ಭೌತಶಾಸ್ತ್ರಕ್ಕೆ ಮೇಷ್ಟರಿಲ್ಲ. ಆದರೂ ಮೇಷ್ಟರುಗಳು ದಿನಾ ಬಂದು ಗೇಟಿನ ಹೊರಗೆ ಭಿಕ್ಷುಕರ ಹಾಗೆ ನಿಲ್ಲಬೇಕು. ಉಳಿದವರು ಕೂಗಾಡಿ ಕಾಫಿ ಅಂಗಡಿಗೆ ಹೋದರು. ನಾನು ಕಟ್ಟೆಯ ಮೇಲೆ ಕೂತು ಪುಸ್ತಕ ತೆಗೆದೆ.

ಗೇಟು ಕಾಯುವ ಸರದಿ ವಾಯಾಳದು. ಕೊರಳಿಗೆ ಬೀಗದ ಕೈ ನೇತುಹಾಕಿಕೊಂಡು ಎಳ್ಳು ಮೆತ್ತಿದ ಬ್ರೆಡ್ಡಿನ ಬಳೆ ತಿನ್ನುತ್ತಿದ್ದಳು.

"ಮೇಡಂ, ಒಳಗೆ ಬಿಡಲ್ಲ."

"ಬಿಡು ಅಂತ ಯಾರು ಕೇಳಿದ್ರು?"

"ಎಲ್ರೂ ಬೈದ್ರು, ನೀವು ಬೈಲೇ ಇಲ್ಲ. ಮೈ ಹುಷಾರಿಲ್ವಾ?"

"ಓದ್ತಾ ಇದೀನಿ. ಕಾಣಲ್ವಾ?"

"ಶಾಲೆ ಮುಚ್ಚಿದ್ರೂ ಓದೋದಾ? ಯಾರೂ ನೋಡ್ತಿಲ್ವಲ್ಲ?"

ಮಾತು ಬದಲಿಸಲು ಗೇಟಿಗೆ ಅಂಟಿಸಿದ್ದ ಕಾಗದ ತೋರಿಸಿ, ನಿಮ್ಮ ಬೇಡಿಕೆ ಏನೇನಿದೆ ಓದು ಎಂದೆ. ಅವಳು ಕಂಬಿಯ ಸಂದಿನಿಂದ ಕೈ ಹೊರಗೆ ಹಾಕಿ ಸಾಲುಸಾಲಾಗಿ ಬೆರಳಿಟ್ಟು ಗಿಣಿಯ ಹಾಗೆ ಹೇಳಿದಳು. "ಒಂದು, ಎಣ್ಣೆ ಬೇಕು. ಎರಡು, ಭೌತಶಾಸ್ತ್ರಕ್ಕೆ ಮೇಷ್ಟ್ರು ಬೇಕು. ಮೂರು, ಶೌಚಾಲಯಕ್ಕೆ ಬಾಗಿಲು ಬೇಕು."

ಆ ಕಾಗದ ಅದಾಗಿರಲಿಲ್ಲ. ಕಸದ ಲಾರಿ ಯಾವ ಬೀದಿಗೆ ಯಾವ ದಿನ ಬರುತ್ತದೆ ಎಂದು ನಗರಸಭೆ ಹಂಚಿದ ಸೂಚನೆ ಅದು. ಬೇಡಿಕೆಯ ಕಾಗದ ಎಲ್ಲಿ ಹೋಯಿತೋ, ಇವಳು ಕೈಗೆ ಸಿಕ್ಕ ಇದನ್ನು ಅಂಟಿಸಿದ್ದಾಳೆ. ಅಂಟಿಸಿ, ಮೂರು ದಿನದಿಂದ ಅದರ ಮುಂದೆ ಕಾವಲು ನಿಂತಿದ್ದಾಳೆ.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತು. ಬ್ರೆಡ್ಡು ಅಗಿಯುವುದು ನಿಂತಿತು.

"ಹೇಳ್ಬೇಡಿ," ಎಂದಳು, ಮೆಲ್ಲಗೆ. ಇಡೀ ಸಂತೆಗೆ ಕೇಳುವ ಆ ಗಂಟಲು ಇಷ್ಟು ಸಣ್ಣಗಾಗುತ್ತದೆಂದು ಗೊತ್ತಿರಲಿಲ್ಲ. "ಅಕ್ಷರ ಬರತ್ತೆ ಮೇಡಂ. ಒಂದೊಂದೇ. ಸಾಲು ಓದೋಕೆ ಹೋದ್ರೆ ಎಲ್ಲಾ ಇರುವೆ ಥರ ಓಡಾಡತ್ತೆ. ಜಿಸಿಸ್‌ಗೂ ಹೇಳ್ಬೇಡಿ."

ಹೇಳಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಹಲ್ಲು ಕಡಿದೂ ಕಡಿದೂ ದವಡೆ ನೋಯುತ್ತಿದೆ. ಒಂಬತ್ತನೇ ವರ್ಷ ಶಾಲೆಯ ಬೆಂಚಿನಲ್ಲಿ ಕೂತಿರುವ ಹುಡುಗಿ! ಯಾರು ಪಾಸು ಮಾಡಿದರು ಇವಳನ್ನು? ಬಾಯಿ ಚುರುಕಾಗಿದೆ, ಹೋಗಲಿ ಪಾಪ ಎಂದು ಒಬ್ಬರಾದ ಮೇಲೊಬ್ಬರು ದಾಟಿಸಿದ್ದಾರೆ. ಎಲ್ಲರಿಗೂ ಧಿಕ್ಕಾರ. ಜೂನ್ ಕಳೆದರೆ ಕಡ್ಡಾಯ ಶಾಲೆ ಮುಗಿಯಿತು, ಇವಳು ಕಾಲುಚೀಲದ ಹಿಂದೆ ನಿಂತುಬಿಡುತ್ತಾಳೆ, ಆಮೇಲೆ ಜನ್ಮದಲ್ಲಿ ಒಂದು ಸಾಲು ಓದುವುದಿಲ್ಲ. ಓದಿಸುವ ಮರಿಯಾಂಥಿಗೂ ಧಿಕ್ಕಾರ. ಇಪ್ಪತ್ತು ನಿಮಿಷ ಪುಸ್ತಕದ ಹಿಂದೆ ಅಡಗಿಕೊಂಡು ಕೂರುವುದು ಆ ಮಗುವಿಗೆ ಎಂಥ ಶಿಕ್ಷೆ!


ನವೆಂಬರ್ ೨೮, ಬುಧವಾರ

ಮಕ್ಕಳು ಗೇಟು ಬಿಟ್ಟುಕೊಟ್ಟ ಮೇಲೆ ವಾಯಾಳನ್ನು ಮಧ್ಯಾಹ್ನ ನಿಲ್ಲಿಸಿಕೊಂಡು ಪ್ರಾಥಮಿಕ ಶಾಲೆಯ ಓದುಪುಸ್ತಕ ಕೊಟ್ಟೆ. ಕರಡಿ ಮರಿ, ಬಲೂನು. ಎರಡನೇ ದಿನ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಡಿದಳು. "ನಾನು ಮಗು ಅಲ್ಲ!" ಎಂದು ಬಾಗಿಲು ಧಡಾರೆಂದು ಹಾಕಿಕೊಂಡು ಹೋದಳು. ಕೊಬ್ಬು. ಹಾಳಾಗಿ ಹೋಗಲಿ.

ನಾಳೆ ಸುಲಭವಾದದ್ದು ಬೇರೇನಾದರೂ ಹುಡುಕಬೇಕು.


ಜನವರಿ ೯, ಬುಧವಾರ

ನಾನು ಇಂದು ಏನು ಮಾಡಿದೆ ಎಂದು ಯಾರಿಗಾದರೂ ತಿಳಿದರೆ ಊರು ಬಿಡಬೇಕಾಗುತ್ತದೆ. ಇದಕ್ಕೆಲ್ಲ ಆ ಹುಡುಗಿಯೇ ಕಾರಣ.

ಕ್ರಿಸ್‌ಮಸ್ ರಜೆಯಲ್ಲಿ ತೋಲಿಸ್‌ನ ಕಪಾಟಿನಿಂದ ದ್ವೀಪಕ್ಕೆ ಹೋಗುವ ಹಡಗಿನ ಕಥೆ ಶುರುಮಾಡಿದ್ದೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹಡಗಿನ ಗುಮಾಸ್ತನನ್ನು ಯಾರೋ ಹಗ್ಗದಿಂದ ಕೊರಳು ಬಿಗಿದು ಕೊಂದಿದ್ದಾರೆ. ಅಡುಗೆಯವನಿದ್ದಾನೆ, ಡಾಕ್ಟರಿದ್ದಾನೆ, ಕಪ್ಪು ಬಟ್ಟೆಯ ವಿಧವೆಯಿದ್ದಾಳೆ. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ. ಇಂದು ಮೌನ ಓದಿನಲ್ಲಿ ಸರಿಯಾಗಿ ಮಧ್ಯಕ್ಕೆ ಬಂದಿದ್ದೆ. ಗಂಟೆಯಾದ ಮೇಲೆ ವಾಯಾ ಮೇಜಿನ ಬಳಿ ಬಂದಳು.

"ಅದೇನಿದೆ ಅದ್ರಲ್ಲಿ?"

"ವ್ಯಾಕರಣ."

"ವ್ಯಾಕರಣ ಓದ್ತಾ ಯಾರಾದ್ರೂ ತುಟಿ ಕಚ್ಕೋತಾರಾ ಮೇಡಂ? ಒಂದ್ಸಲ ಅಂತೂ 'ಥೂ ಕಳ್ಳಿ' ಅಂದ್ರಿ. ನಂಗೂ ಅದೇ ಬೇಕು."

"ಮುಗಿಸಿ ಕೊಡ್ತೀನಿ."

"ಆಮೇಲೆ ಬೇಡ. ಈಗ ಬೇಕು ಅನ್ನಿಸ್ತಿದೆ. ಆಮೇಲೆ ಅನ್ನಿಸಲ್ಲ, ನಂಗೊತ್ತು ನನ್ ವಿಷಯ."

ಟೊಮೆಟೊ ಪೆಟ್ಟಿಗೆಯ ಎಲ್ಲ ಪುಸ್ತಕ ತೋರಿಸಿದೆ. ಬೇಡವೆಂದು ತಲೆಯಾಡಿಸಿದಳು. ನನ್ನದನ್ನು ಬಿಟ್ಟುಕೊಡಲು ನನಗೂ ಆಗಲಿಲ್ಲ, ಅಡುಗೆಯವನು ಆಗಷ್ಟೇ ಬಾಯಿ ಬಿಡುವುದರಲ್ಲಿದ್ದ. ಶಿಕ್ಷಕರ ಕೋಣೆಗೆ ಹೋದೆ. ರಿಜೋಸ್ ತನ್ನ ಹೆಸರಿನ ಹಬ್ಬಕ್ಕೆ, ಅಂದರೆ ತನ್ನ ಹೆಸರಿನ ಸಂತನ ದಿನಕ್ಕೆ, ತಂದಿದ್ದ ಕೇಕು ಕೊಯ್ದು ಉಳಿದ ಚಾಕು ಮೇಜಿನ ಮೇಲಿತ್ತು. ಪುಸ್ತಕದ ಬೆನ್ನಿಗೆ ಇಟ್ಟು ಒತ್ತಿದೆ. ಗೋಂದು ಒಣಗಿತ್ತು, ಕರಕ್ಕೆಂದು ಎರಡು ಹೋಳಾಯಿತು. ಕೈ ನಡುಗಲಿಲ್ಲ, ಅದೇ ನನಗೆ ಸಿಟ್ಟು.

ಮೊದಲರ್ಧ ಕೊಟ್ಟೆ. ಅವಳು ಹರಿದ ಅಂಚನ್ನು ಬೆರಳಲ್ಲಿ ಸವರಿ ನನ್ನನ್ನು ನೋಡಿದಳು. "ಮೇಡಂ, ಜೂನಲ್ಲಿ ನಮ್ಮನ್ನ ಬೈದ್ರೆ ನೋಡಿ ಮತ್ತೆ."

"ಬಾಯ್ಮುಚ್ಚು. ಹೋಗು."


ಜನವರಿ ೨೪, ಗುರುವಾರ

ದಿನಾ ಬೆರಳಿಟ್ಟು ಓದುತ್ತಾಳೆ, ತುಟಿ ಅಲ್ಲಾಡುತ್ತದೆ. ತಿಳಿಯದ ಪದ ಬಂದರೆ ಮೇಜಿಗೆ ಬಂದು ತೋರಿಸುತ್ತಾಳೆ, ಕಿವಿಯಲ್ಲಿ ಹೇಳಿ ಕಳಿಸುತ್ತೇನೆ. ಮೊದಮೊದಲು ಪ್ರತಿ ಸಾಲಿಗೂ ಬರುತ್ತಿದ್ದಳು. ಈ ವಾರ ಕಡಿಮೆ. ಜಿಸಿಸ್ ಒಮ್ಮೆ "ಏಯ್, ಬೆರಳು ಸವೆದೋಗತ್ತೆ!" ಎಂದ. ಅವನ ಫೋನು ಕಿತ್ತುಕೊಂಡು ನನ್ನ ಡ್ರಾಯರಿಗೆ ಹಾಕಿದೆ. ಬೇಸರಕ್ಕೆ ಅವನೂ ಪೆಟ್ಟಿಗೆಯಿಂದ ಏನೋ ಎತ್ತಿಕೊಂಡಿದ್ದಾನೆ, ಜೇನು ಸಾಕಣೆಯ ಬಗ್ಗೆ. ಇರಲಿ.

ಇಪ್ಪತ್ತು ನಿಮಿಷ ಏತಕ್ಕೂ ಸಾಲದು. ಯಾವ ಪುಣ್ಯಾತ್ಮ ಇಪ್ಪತ್ತೇ ನಿಮಿಷ ಎಂದು ಗೊತ್ತುಮಾಡಿದ್ದು?

ನನ್ನರ್ಧ ಮುಗಿಯಿತು. ಕೊಂದದ್ದು ವಿಧವೆ! ಮೇಜು ಕುಟ್ಟಿ ತೋಲಿಸ್‌ನನ್ನು ಎಬ್ಬಿಸಿದೆ. "ಮೂರು ಸಲ ಓದಿದೀನಿ. ಮೂರು ಸಲನೂ ಅವಳೇ," ಎಂದು ಮಗ್ಗುಲಾದ. "ಆ ಹುಡುಗಿ ಹತ್ರ ಬಾಯಿ ಬಿಟ್ಟೆ ಅಂದ್ರೆ ಗ್ರಹಚಾರ ಬಿಡಿಸ್ತೀನಿ," ಎಂದೆ. ಅವನು ಅವಳನ್ನು ನೋಡಿಯೇ ಇಲ್ಲ, ಆದರೂ ಹೇಳಿಡುವುದು ಒಳ್ಳೆಯದು.


ಫೆಬ್ರವರಿ ೧೩, ಬುಧವಾರ

ಕಟುಕರು.

ಸಭೆಯಲ್ಲಿ ಮನವಿ ಮತಕ್ಕೆ ಬಂತು. ನಾನು ಎದ್ದು ನಿಂತು ಇದನ್ನು ತಿರಸ್ಕರಿಸಬೇಕು ಎಂದೆ. ಇಡೀ ಕೋಣೆ ಗರಬಡಿದಂತೆ ನನ್ನನ್ನು ನೋಡಿತು.

"ಉರಾನಿಯಾ," ಎಂದ ರಿಜೋಸ್, "ಇದು ನಿಮ್ದೇ ಕಾಗದ ಕಣ್ರೀ."

"ನಂದೇ. ಹರಿದು ಹಾಕಿ."

"ಹಾಗೆಲ್ಲ ಹರಿಯೋಕಾಗತ್ತಾ? ಎಲ್ರೂ ಸಹಿ ಹಾಕಿದೀವಿ." ಅವನು ಕನ್ನಡಕ ಏರಿಸಿ ಓದತೊಡಗಿದ. "'ಶಿಕ್ಷಕರ ಕಣ್ಣೆದುರೇ ನಡೆಯುವ ಸಾಮೂಹಿಕ ನಿದ್ದೆ. ಓದಲಾರದವನು ಒಂಟಿಯಾಗಿ ಕೂತರೆ ಓದು ಬರುವುದಿಲ್ಲ, ಅವಮಾನ ಬರುತ್ತದೆ.' ಎಷ್ಟು ಚೆನ್ನಾಗಿ ಬರ್ದಿದೀರಿ! ಇದಕ್ಕಿಂತ ಇನ್ನೇನು ಹೇಳೋದಿದೆ?"

ಒಂದು ಹುಡುಗಿ ಓದಲು ಕಲಿಯುತ್ತಿದ್ದಾಳೆ ಎಂದೆ. ಯಾರು ಎಂದರು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಹೇಳಲಿಲ್ಲ. "ಹೆಸರಿಲ್ಲದ ಹುಡುಗಿಗೋಸ್ಕರ ಇಡೀ ಶಾಲೆಯ ಗಣಿತ ಹಾಳಾಗ್ಬೇಕಾ?" ಎಂದ ರಿಜೋಸ್. ನಾನು ಬಾಯಿಗೆ ಬಂದದ್ದು ಬೈದೆ. ಬೈಯುವುದು ನನ್ನ ಅಭ್ಯಾಸವೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೈ ಎತ್ತಿದರು. ಮುಗಿಯಿತು. ಮರಿಯಾಂಥಿ ನನ್ನ ಕಾಗದವನ್ನು ಮಡಚಿ ಕಡತಕ್ಕೆ ಸೇರಿಸಿದಳು. ಒಂದು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಆ ವಾಕ್ಯ ಬರೆದ ಕೈ ಮುರಿದು ಹೋಗಲಿ. ನನ್ನದೇ ಕೈ, ಆದರೂ ಸರಿ.


ಫೆಬ್ರವರಿ ೧೪, ಗುರುವಾರ

ಪ್ರಾಚೀನ ಗ್ರೀಕ್ ನನ್ನ ವಿಷಯ, ಬಾಗಿಲು ನನ್ನ ತರಗತಿಯದು. ಮುಚ್ಚಿದೆ. "ಪುಸ್ತಕ ತೆಗೀರಿ," ಎಂದೆ.

"ಮೇಡಂ, ಅದು ನಿಂತೋಯ್ತಂತಲ್ಲ?" ಎಂದ ಜಿಸಿಸ್.

"ಯಾರು ಹೇಳಿದ್ದು? ನಿನ್ನ ಜೇನುಹುಳ ಎಲ್ಲಿವರೆಗೆ ಬಂತು?"

ರಾಣಿ ಹುಳ ಸತ್ತರೆ ಏನಾಗುತ್ತದೆ ಎಂದು ಹೇಳಲು ಶುರುಮಾಡಿದ. ಪ್ರಶ್ನೆ ಕೇಳಬಾರದೆಂಬ ನಿಯಮ ನಾನೇ ಮುರಿದೆ. ಸುಮ್ಮನೆ ಓದು ಎಂದೆ.


ಮಾರ್ಚ್ ೨೦, ಬುಧವಾರ

ಮರಿಯಾಂಥಿ ಕಾರಿಡಾರಿನಲ್ಲಿ ಅಡ್ಡ ನಿಂತಳು. "ಉರಾನಿಯಾ ಮೇಡಂ, ಬೆಳಿಗ್ಗೆ ನಿಮ್ಮ ಕ್ಲಾಸಿಂದ ಕೂಗಾಟ ಕೇಳ್ತಾ ಇಲ್ಲ."

"ಗಂಟಲು ಕಟ್ಟಿದೆ."

"ಒಂದು ತಿಂಗಳಿಂದಾನಾ?"

"ಹಟಮಾರಿ ಗಂಟಲು."

ಅವಳು ಬಾಗಿಲಿನ ಗಾಜಿನಿಂದ ಒಳಗೆ ನೋಡಿದಳು. ಎಲ್ಲ ತಲೆಗಳೂ ಬಗ್ಗಿದ್ದವು, ಒಬ್ಬ ಮಾತ್ರ ಗೊರಕೆ ಹೊಡೆಯುತ್ತಿದ್ದ. "ಬೇಗ ವಾಸಿ ಆಗೋದು ಬೇಡ," ಎಂದು ಹೊರಟುಹೋದಳು. ಇವಳು ಸಭೆಯಲ್ಲಿ ಇನ್ನಷ್ಟು ಜೋರು ಮಾಡಬೇಕಿತ್ತು. ಮೆತ್ತಗಿನವರನ್ನು ಕಂಡರೆ ನನಗಾಗುವುದಿಲ್ಲ.


ಏಪ್ರಿಲ್ ೧೯, ಶುಕ್ರವಾರ

ಭಾನುವಾರ ವಾಯಾಳ ಹೆಸರಿನ ಹಬ್ಬ, ಆದರೆ ನಾಳೆಯಿಂದ ಈಸ್ಟರ್ ರಜೆ. ಅದಕ್ಕೆ ಇಂದೇ ತರಗತಿಗೆಲ್ಲ ಸಿಹಿ ಹಂಚಿದಳು. ನನ್ನ ಮೇಜಿಗೆ ಎರಡು ತುಂಡು ಇಟ್ಟು ಕದಲದೆ ನಿಂತಳು.

"ಏನು?"

"ನನ್ನರ್ಧ ಮುಗೀತು. ನಿಮ್ಮರ್ಧ ಕೊಡಿ."

ಇದನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಒಂದು ಪುಸ್ತಕದ ಅರ್ಧ ಓದಿ ಮುಗಿಸುವುದು ಅವಳ ಬದುಕಿನ ದಿನನಿತ್ಯದ ಸಂಗತಿಯೋ ಎಂಬಂತೆ. ಚೀಲದಿಂದ ತೆಗೆದು ಕೊಟ್ಟೆ. ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಸಿಹಿಗೆ ಸಕ್ಕರೆಪಾಕ ಹೆಚ್ಚಾಗಿತ್ತು, ಗಂಟಲಿಗೆ ಅಂಟಿಕೊಂಡಿತು.

"ಕೊಂದಿದ್ದು ಅಡುಗೆಯವನು ಅಲ್ವಾ?" ಎಂದಳು.

"ಓದಿ ತಿಳ್ಕೋ."

"ಸ್ವಲ್ಪ ಹೇಳಿ ಮೇಡಂ, ಹಬ್ಬಕ್ಕೆ."

"ಹೋಗ್ತೀಯೋ, ವ್ಯಾಕರಣ ಕೇಳ್ಲೋ?"


ಜೂನ್ ೧೪, ಶುಕ್ರವಾರ

ಕೊನೆಯ ಪರೀಕ್ಷೆ ಮುಗಿದ ಕೂಡಲೇ ಶುರುವಾಯಿತು. ಇತಿಹಾಸ, ಜೀವಶಾಸ್ತ್ರ, ಧರ್ಮ, ಎಲ್ಲ ಚೂರು ಚೂರಾಗಿ ಮೇಲಕ್ಕೆ ಹಾರಿ ಹಿಪ್ಪುನೇರಳೆ ಮರದ ತುಂಬ ಸಿಕ್ಕಿಕೊಂಡವು. ನಾನು ಎಂದಿನಂತೆ ಕೂಗಲು ಅಂಗಳಕ್ಕಿಳಿದೆ. ಆದರೆ ಕೂಗಬೇಕಾದದ್ದು ಬಾಯಿಗೆ ಬರುವ ಮೊದಲೇ ಮರದ ಕೆಳಗೆ ವಾಯಾ ಕಂಡಳು. ಅವಳು ಏನನ್ನೂ ಹರಿಯುತ್ತಿರಲಿಲ್ಲ. ಬೆಂಚಿನ ಮೇಲೆ ಕಾಲು ಮಡಚಿ ಕೂತು ನನ್ನರ್ಧ ಓದುತ್ತಿದ್ದಳು, ಕೊನೆಯ ಕೆಲವೇ ಹಾಳೆ. ತಲೆಯ ಮೇಲೆ ಕಾಗದ ಸುರಿಯುತ್ತಿತ್ತು. ಬೆರಳು ಇನ್ನೂ ಸಾಲಿನ ಮೇಲಿತ್ತು, ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ.

ಜಿಸಿಸ್ ಅವಳ ಮೇಲೆ ಒಂದು ಹಿಡಿ ಭೂಗೋಳ ಎರಚಲು ಬಂದ. ನಾನು ಅವನ ಕಾಲರ್ ಹಿಡಿದೆ. "ಅವಳು ಮುಗಿಸೋವರೆಗೂ ಆ ಕಡೆ ಹೋಗಿ ಹರೀರಿ!" ಎಂದೆ. ಆ ಕಡೆ ಹೋಗಿ ಹರಿದರು. ಕಿಟಕಿಯಲ್ಲಿ ರಿಜೋಸ್ ಬಾಯಿ ತೆರೆದುಕೊಂಡು ನಿಂತಿದ್ದ.

ಆಗ ವಾಯಾ ಧಡಕ್ಕನೆ ಎದ್ದಳು. ಮುಖ ಕೆಂಡವಾಗಿತ್ತು.

"ಮೋಸ! ಇದು ಮೋಸ ಮೇಡಂ! ವಿಧವೆಯಂತೆ! ಹೇಗಾಗತ್ತೆ?"

"ಯಾಕಾಗಲ್ಲ? ಎಲ್ಲಾ ಸಾಕ್ಷಿ..."

"ಅವಳ ಬಲಗೈ ಸುಟ್ಟಿತ್ತು! ಮೂರನೇ ಅಧ್ಯಾಯದಲ್ಲಿ ಕಾಫಿ ಚೆಲ್ಲತ್ತಲ್ಲ, ಡಾಕ್ಟ್ರು ಬೆರಳು ಕಾಣದ ಹಾಗೆ ಪಟ್ಟಿ ಕಟ್ತಾನಲ್ಲ? ಆವತ್ತೇ ರಾತ್ರಿ ಆ ಕೈಯಲ್ಲಿ ಒಬ್ಬ ಗಂಡಸಿನ ಕೊರಳಿಗೆ ಹಗ್ಗ ಬಿಗೀತಾಳಾ? ನಾನು ದಿನಾ ಮೂಟೆ ಕಟ್ಟೋಳು, ನಂಗೆ ಹೇಳ್ತಾರಾ!"

"ಹಾಗೆಲ್ಲೂ ಬರ್ದಿಲ್ಲ."

"ಬರ್ದಿದೆ! ಒಂದೊಂದು ಪದಾನೂ ಓದಿದೀನಿ ನಾನು! ನಿಮ್ಮ ಥರ ಸರಸರ ಹಾಳೆ ತಿರುವಿಲ್ಲ!"

ಅಂದವಳೇ ಕೊನೆಯ ಹಾಳೆಯನ್ನು ಪರ್ರನೆ ಕಿತ್ತು ಗಾಳಿಗೆ ಎಸೆದಳು. "ಸುಳ್ಳು ಬುರುಕರು!" ನಾನು ಬಗ್ಗಿ, ಆ ಧರ್ಮ ಇತಿಹಾಸಗಳ ನಡುವೆ ಅದೊಂದು ಹಾಳೆಯನ್ನು ಹುಡುಕಿದೆ, ಹುಡುಕುತ್ತಲೇ ಅವಳ ಜೊತೆ ವಾದ ಮಾಡಿದೆ. ವಿಧವೆ ಎಡಗೈಯವಳಿರಬಹುದು ಎಂದೆ. ಹಾಗಿದ್ದರೆ ಹೇಳಬೇಕಿತ್ತು ಎಂದಳು. ಅಂಗಳ ಖಾಲಿಯಾಗಿ ಜವಾನ ಪೊರಕೆ ಹಿಡಿದು ನಮ್ಮ ಕಾಲ ಬುಡಕ್ಕೆ ಬರುವವರೆಗೂ ಜಗಳವಾಡಿದೆವು. ಕಡೆಗೆ ನನ್ನರ್ಧವನ್ನು ನನ್ನ ಕೈಗೆ ತುರುಕಿ ತಿರುಗಿ ನೋಡದೆ ಹೋದಳು. ಶಾಲೆಗೆ ಇದೇ ಕೊನೆ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ತೋಲಿಸ್‌ನನ್ನು ಕೇಳಿದೆ. "ಪಟ್ಟಿನಾ? ಯಾವ ಪಟ್ಟಿ?" ಎಂದ. ಮೂರು ಸಲ ಓದಿದ್ದಾನಂತೆ!

ಅವಳು ಹೇಳಿದ್ದು ಸುಳ್ಳೇ ಇರಬೇಕು. ಆದರೆ ನೋಡಿ ತಿಳಿಯೋಣವೆಂದರೆ ಮೊದಲರ್ಧ ಅವಳ ಹತ್ತಿರವಿದೆ.


ಜೂನ್ ೧೫, ಶನಿವಾರ

ಸಂತೆಗೆ ಹೋದೆ. ಕಾಲುಚೀಲದ ರಾಶಿಯ ಹಿಂದಿನಿಂದ ಅವಳ ಗಂಟಲು ಬೀದಿಯ ಆಚೆ ತುದಿಗೇ ಕೇಳುತ್ತಿತ್ತು. ನನ್ನನ್ನು ಕಂಡವಳೇ ಕೂಗುವುದನ್ನು ನಿಲ್ಲಿಸಿ ಮೇಜಿನಡಿಯಿಂದ ಮೊದಲರ್ಧ ತೆಗೆದಳು. ನಾನು ಬರುತ್ತೇನೆಂದು ಗೊತ್ತಿತ್ತೆಂಬಂತೆ ಹಾಳೆ ಮಡಚಿಟ್ಟಿದ್ದಳು. ಹೆಬ್ಬೆರಳಿನ ಗುರುತಿನಿಂದ ಪ್ರತಿ ಹಾಳೆಯ ಮೂಲೆಯೂ ಕಪ್ಪಾಗಿತ್ತು.

"ಮೂರನೇ ಅಧ್ಯಾಯ. ಓದಿ."

"ಮನೇಲಿ ಓದ್ತೀನಿ, ಕೊಡು."

"ಕೊಡಲ್ಲ. ಅಮ್ಮಂಗೆ ಓದಿ ಹೇಳ್ತಾ ಇದೀನಿ, ಇನ್ನೂ ಹೆಣ ಸಿಕ್ಕಿಲ್ಲ. ಇಲ್ಲೇ ಓದಿ."

ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂರಿಸಿದಳು. ಹಿಂದೆ ಕೂತಿದ್ದ ತಾಯಿ ನನ್ನನ್ನು ನೋಡಿ ತಲೆಯಾಡಿಸಿ, ಬನಿಯನ್ನು ಮಡಿಸುವುದನ್ನು ಮುಂದುವರಿಸಿದಳು. ನಾನು ಓದಲು ಶುರುಮಾಡಿದೆ. ಪಕ್ಕದ ಮೀನಿನವನು ಬೊಬ್ಬೆ ಹಾಕುತ್ತಿದ್ದ. ಒಬ್ಬ ಹೆಂಗಸು ಬಂದು ನನ್ನ ತಲೆಯ ಮೇಲಿನಿಂದ ಕೈ ಚಾಚಿ, ಉಣ್ಣೆಯದು ಇದೆಯಾ, ದೊಡ್ಡ ಅಳತೆ ಇದೆಯಾ ಎಂದು ಜೋರಾಗಿ ಕೇಳತೊಡಗಿದಳು.

"ಶ್!" ಎಂದಳು ವಾಯಾ. "ಮೇಡಂ ಓದ್ತಾ ಇದಾರೆ, ಕಾಣಲ್ವಾ? ಸ್ವಲ್ಪ ಹೊತ್ತು ಸುಮ್ನಿರಿ."

ಹೆಂಗಸು ತಬ್ಬಿಬ್ಬಾಗಿ ಸುಮ್ಮನಾದಳು. ಮೀನಿನವನೂ ತಿರುಗಿ ನೋಡಿ ದನಿ ತಗ್ಗಿಸಿದ.

ಪಟ್ಟಿ ಇತ್ತು. ಬಲಗೈಗೆ, ಬೆರಳು ಕಾಣದ ಹಾಗೆ. ಅಷ್ಟು ಸ್ಪಷ್ಟವಾಗಿ ಬರೆದಿದ್ದಾನೆ, ಬರೆದು ತಾನೇ ಮರೆತಿದ್ದಾನೆ. ಇಂಥವನ ಪುಸ್ತಕವನ್ನು ಅಚ್ಚು ಹಾಕಿದವರಿಗೆ ಬುದ್ಧಿ ಬೇಡವೇ? ಮೈಯೆಲ್ಲ ಉರಿಯುತ್ತಿದೆ. ಹಾಗಾದರೆ ಕೊಂದವರು ಯಾರು? ವಾಯಾ ಅಡುಗೆಯವನು ಎನ್ನುತ್ತಾಳೆ. ನನಗೆ ಡಾಕ್ಟರನ ಮೇಲೆ ಅನುಮಾನ. ಬರುವ ಶನಿವಾರ ನನ್ನರ್ಧವನ್ನೂ ತೆಗೆದುಕೊಂಡು ಹೋಗಬೇಕು.